ಅಂಜಿಕೆಯ ಚರಣ, ನಂಬಿಕೆಯ ಪಲ್ಲವಿ

ಹರಿದಾಸರ ಪದಗಳನ್ನು ಸಾಂತ್ವನದ ಸಾಹಿತ್ಯವೆಂದು ಓದುವುದು ನಮಗೆ ರೂಢಿಯಾಗಿಬಿಟ್ಟಿದೆ. ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಾಗ, ಮಗನ ಕೆಲಸ ಹೋದಾಗ, ವ್ಯಾಜ್ಯ ವರ್ಷಗಟ್ಟಲೆ ಜಗ್ಗಿದಾಗ ಒಂದು ದೇವರನಾಮ ಹಾಕಿಕೊಂಡು ಕೂರುತ್ತೇವೆ. ದೇವರಿದ್ದಾನೆ, ಹೆದರಬೇಡ ಎಂಬಷ್ಟೇ ಅದರ ಸಾರವೆಂದು ತಿಳಿದು ಎದ್ದು ಹೋಗುತ್ತೇವೆ. ಇದೇ ಕಾರಣಕ್ಕೆ ದಾಸಸಾಹಿತ್ಯವನ್ನು ವಚನಗಳಿಗಿಂತ ಒಂದು ಕೈ ಕೆಳಗಿಟ್ಟವರೂ ಇದ್ದಾರೆ. ವಚನ ಪ್ರಶ್ನೆ ಕೇಳುತ್ತದೆ, ದಾಸರ ಪದ ಸಮಾಧಾನ ಹೇಳುತ್ತದೆ ಎಂಬುದು ಅವರ ತಕರಾರು. ಮೆಚ್ಚುವವರಿಗೂ ಆಕ್ಷೇಪಿಸುವವರಿಗೂ ಒಂದು ಊಹೆ ಸಮಾನವಾಗಿದೆ: ದಾಸರಿಗೆ ಭಯವಿರಲಿಲ್ಲ ಎಂಬುದು. ಪದಗಳನ್ನು ಸಾಲಾಗಿ ಓದುತ್ತಾ ಹೋದರೆ ಈ ಊಹೆ ನಿಲ್ಲುವುದಿಲ್ಲ. ಹಸಿವಿನ ಭಯ, ಮುಪ್ಪಿನ ಭಯ, ಯಮನ ಭಯ, ಜನರ ನಾಲಿಗೆಯ ಭಯ, ದೇವರು ತನ್ನನ್ನು ಮರೆತನೇನೋ ಎಂಬ ಭಯ ಎಲ್ಲವೂ ಅಲ್ಲಿ ಬಾಯಿಬಿಟ್ಟು ಮಾತನಾಡುತ್ತವೆ. ಈ ಪರಂಪರೆಯ ಸತ್ವವನ್ನು ಅಳೆಯಬೇಕಾದದ್ದು ಅದು ಕೊಡುವ ಅಭಯದಿಂದಲ್ಲ, ಆ ಅಭಯಕ್ಕೆ ಮುಂಚೆ ಭಯವನ್ನು ಎಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡಿತು ಎಂಬುದರಿಂದ.

ಮೊದಲು ತತ್ತ್ವದ ಕಡೆಯಿಂದ ನೋಡೋಣ. 13ನೇ ಶತಮಾನದ ಮಧ್ವಾಚಾರ್ಯರ ದ್ವೈತದಲ್ಲಿ ಹರಿ ಒಬ್ಬನೇ ಸ್ವತಂತ್ರ, ಜೀವ ಎಂದೆಂದಿಗೂ ಪರತಂತ್ರ. ಭಕ್ತಿಯೆಂದರೆ ಬರೀ ಭಾವುಕತೆಯೂ ಅಲ್ಲ. ಭಗವಂತನ ಹಿರಿಮೆಯನ್ನು ತಿಳಿದು, ಆ ತಿಳಿವಿನ ಮೇಲೆ ಮಿಕ್ಕೆಲ್ಲಕ್ಕಿಂತ ಮಿಗಿಲಾದ ಗಟ್ಟಿ ಸ್ನೇಹವನ್ನು ಕಟ್ಟಿಕೊಳ್ಳುವುದೇ ಭಕ್ತಿ. ಇಲ್ಲಿಯವರೆಗೆ ಧೈರ್ಯಕ್ಕೆ ಬೇಕಾದ ಅಡಿಪಾಯವೆಲ್ಲ ಇದೆ. ಆದರೆ ಇದೇ ಸಿದ್ಧಾಂತ ಜೀವರನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಮುಕ್ತಿಗೆ ಯೋಗ್ಯರು, ಸಂಸಾರದಲ್ಲೇ ಸುತ್ತುವವರು, ತಮಸ್ಸಿಗೆ ಹೋಗುವವರು. ಈ ಯೋಗ್ಯತೆ ಅನಾದಿ, ಯಾರೂ ತಿದ್ದಲಾರರು. ಹಾಗಿದ್ದರೆ ನಾನು ಯಾವ ಸಾಲಿನವನು? ಶಾಸ್ತ್ರಾಧ್ಯಯನ ಮಾಡಿದವನಿಗೂ ಇದಕ್ಕೆ ಖಚಿತ ಉತ್ತರವಿಲ್ಲ. ಅಭಯ ನೀಡಬೇಕಾದ ದರ್ಶನದ ಒಡಲಲ್ಲೇ ಹೀಗೊಂದು ದಿಗಿಲು ಕುಳಿತಿದೆ.

ಈ ದಿಗಿಲಿಗೆ ದಾಸರು ಸಿದ್ಧಾಂತದ ಉತ್ತರ ಕೊಡಲು ಹೋಗಲಿಲ್ಲ, ಹಾಡಿನ ಉತ್ತರ ಕೊಟ್ಟರು. ಅವರು ಬಳಸಿದ ಪ್ರಕಾರಗಳನ್ನು ಗಮನಿಸಿದರೆ ಇದು ತಿಳಿಯುತ್ತದೆ. ಉಗಾಭೋಗಕ್ಕೆ ತಾಳದ ಕಟ್ಟಿಲ್ಲ. ಉಸಿರು ಎಲ್ಲಿ ನಿಂತಿತೋ ಅಲ್ಲಿ ಸಾಲು ನಿಲ್ಲುತ್ತದೆ. ದಾಸರ ಅತ್ಯಂತ ಬೆತ್ತಲೆ ಮಾತುಗಳು ಬರುವುದು ಅಲ್ಲೇ. ಸುಳಾದಿ ಧ್ರುವ, ಮಟ್ಟ, ತ್ರಿಪುಟ, ಅಟ್ಟ ಮುಂತಾದ ತಾಳಗಳನ್ನು ಒಂದೊಂದಾಗಿ ದಾಟಿಕೊಂಡು ಬಂದು ಪುಟ್ಟ ‘ಜತೆ’ಯಲ್ಲಿ ಮುಗಿಯುತ್ತದೆ, ಅದು ವಾದದ ದಾರಿ. ನಡುವೆ ನಿಂತಿರುವುದು ಪದ, ಅಂದರೆ ಕೀರ್ತನೆ. ಇದರಲ್ಲಿ ಪಲ್ಲವಿ ನಂಬಿಕೆಯನ್ನು ಹೇಳುತ್ತದೆ. ಮುಂದಿನ ಚರಣ ಒಂದು ಅಂಜಿಕೆಯನ್ನು ಎತ್ತುತ್ತದೆ, ಪಲ್ಲವಿ ಮರಳುತ್ತದೆ. ಇನ್ನೊಂದು ಚರಣ ಇನ್ನೊಂದು ಅಂಜಿಕೆ ತರುತ್ತದೆ, ಮತ್ತೆ ಅದೇ ಪಲ್ಲವಿ. ಒಂದೇ ಸಲ ಹೇಳಿ ಮುಗಿಸುವಂಥ ಮಾತಾಗಿದ್ದರೆ ನಾಲ್ಕೈದು ಸಲ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ನಂಬಿಕೆ ಒಮ್ಮೆ ಸಿಕ್ಕಿ ಜೇಬಿನಲ್ಲಿ ಉಳಿಯುವ ವಸ್ತುವಲ್ಲ, ಪ್ರತಿ ಹೆದರಿಕೆಯ ಮುಂದೆಯೂ ಹೊಸದಾಗಿ ಉಚ್ಚರಿಸಬೇಕಾದದ್ದು ಎಂಬುದನ್ನು ಕೀರ್ತನೆಯ ಕಟ್ಟಡವೇ ಹೇಳುತ್ತಿದೆ. ದಾಸಸಾಹಿತ್ಯದ ದೊಡ್ಡ ಕಾಣಿಕೆ ಈ ಅಭ್ಯಾಸಕ್ರಮವೇ ಎಂದು ನನಗನ್ನಿಸುತ್ತದೆ.

ಈ ಅಭ್ಯಾಸ ಹಾಡಿಗಷ್ಟೇ ಸೀಮಿತವಾಗಿರಲಿಲ್ಲ, ಹೊಟ್ಟೆಪಾಡಿಗೂ ವಿಸ್ತರಿಸಿತ್ತು. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಹೆಗಲಿಗೆ ಗೋಪಾಳಬುಟ್ಟಿ ಹಾಕಿಕೊಂಡು ಮನೆಮನೆಯ ಮುಂದೆ ಹಾಡಿ ಬಂದ ಅಕ್ಕಿಯಲ್ಲಿ ಅಂದಿನ ದಿನ ಕಳೆಯುವ ಯಾಯಿವಾರ ದಾಸರ ವೃತ್ತಿ. ನಾಳೆಗೆಂದು ಕೂಡಿಡುವಂತಿಲ್ಲ. ಪುರಂದರದಾಸರ ಜೀವನದ ಐತಿಹ್ಯ ಸಾರ್ಥಕವಾಗುವುದು ಈ ನಿಯಮದ ಬೆಳಕಿನಲ್ಲಿ. ಶ್ರೀನಿವಾಸ ನಾಯಕನೆಂಬ ಲೇವಾದೇವಿ ವ್ಯಾಪಾರಿ, ಹೆಂಡತಿಯ ಮೂಗುತಿಯ ಪ್ರಸಂಗದಿಂದ ಕಣ್ತೆರೆದು ಗಂಟೆಲ್ಲ ಹಂಚಿ ಗುರು ವ್ಯಾಸರಾಯರಲ್ಲಿಗೆ ಬಂದ ಎನ್ನುತ್ತದೆ ಕಥೆ. ವಿಜಯನಗರ ಸಿರಿಯ ತುತ್ತತುದಿಯಲ್ಲಿದ್ದ ಕಾಲವದು. ಅಂಥ ಊರಿನಲ್ಲಿ ಕೂತ ಪುರಂದರರ ಪದಗಳಲ್ಲಿ ಬಡತನದ ಭಯಕ್ಕಿಂತ ಹೆಚ್ಚಾಗಿ ಕಾಡುವುದು ದುಡ್ಡಿದ್ದವನ ಭಯ: ಕಳೆದುಕೊಂಡೇನೆಂಬ ಕಳವಳ, ಸಾಲದ ಲೆಕ್ಕ, ನೆಂಟರ ಬಣ್ಣ ಬದಲಾಗುವ ಪರಿ. ಅವರು ತೀರಿಕೊಂಡದ್ದು 1564ರಲ್ಲಿ. ಮರುವರ್ಷದ ಜನವರಿಯಲ್ಲಿ ರಕ್ಕಸ ತಂಗಡಿಯ ಕಾಳಗ ನಡೆದು ಆ ನಗರವೇ ಹಾಳಾಯಿತು. ಸಿರಿ ನಿಲ್ಲುವುದಲ್ಲ ಎಂದು ಹಾಡಿದ್ದು ಭವಿಷ್ಯವಾಣಿಯೇನೂ ಅಲ್ಲ. ಅಂಗಡಿಯಲ್ಲಿ ಕುಳಿತು ದುಡ್ಡಿನ ಚಾಳಿಯನ್ನು ಹತ್ತಿರದಿಂದ ಕಂಡವನ ಅನುಭವ.

ದೇವರೊಂದಿಗೆ ಜಗಳ ಕಾಯುವುದೂ ಈ ಅಭ್ಯಾಸದ ಒಂದು ಪಾಠ. ನಿಂದಾಸ್ತುತಿಯಲ್ಲಿ ದಾಸರು ಹರಿಯನ್ನು ಕಳ್ಳನೆನ್ನುತ್ತಾರೆ, ಜಿಪುಣನೆನ್ನುತ್ತಾರೆ, ಕೊಟ್ಟ ಮಾತಿಗೆ ತಪ್ಪಿದವನೆನ್ನುತ್ತಾರೆ. ಗಜೇಂದ್ರ, ದ್ರೌಪದಿ, ಪ್ರಹ್ಲಾದ, ಅಜಾಮಿಳರ ಹೆಸರುಗಳು ಮೇಲಿಂದ ಮೇಲೆ ಬರುವುದು ಬರೀ ಪುರಾಣಸ್ಮರಣೆಗಲ್ಲ. ಪಳಗಿದ ವಕೀಲ ಹಳೆಯ ತೀರ್ಪುಗಳನ್ನು ಒಂದೊಂದಾಗಿ ಮುಂದಿಟ್ಟು ನ್ಯಾಯಾಧೀಶರನ್ನು ಕಟ್ಟಿಹಾಕುವಂತೆ, ಅವರಿಗೆಲ್ಲ ಒಲಿದವನು ನನಗೇಕೆ ಒಲಿಯಲೊಲ್ಲೆ ಎಂದು ದಾಸರು ಪಟ್ಟು ಹಿಡಿಯುತ್ತಾರೆ. ಹೀಗೆ ವಾದಿಸಲು ಸಲುಗೆ ಬೇಕು. ಒಡೆಯನ ಮುಂದೆ ನಡುಗುವ ಆಳಿಗೆ ಅದು ದಕ್ಕುವುದಿಲ್ಲ. ದಾಸ್ಯವೆಂದರೆ ಬಾಗುವುದಷ್ಟೇ ಎಂದು ಭಾವಿಸಿದ ವಿಮರ್ಶೆ ಈ ಸಲುಗೆಯನ್ನು ಕಾಣದೇ ಹೋಯಿತು.

ಕನಕದಾಸರ ವಿಚಾರಕ್ಕೆ ಬಂದರೆ ಮಾತು ಇನ್ನೂ ಸೂಕ್ಷ್ಮವಾಗುತ್ತದೆ. ಬಾಡದ ಕುರುಬ ಮನೆತನದ ಈ ನಾಯಕನಿಗೆ ರಣರಂಗದ ಗಾಯವೂ ಗೊತ್ತು, ಅಗ್ರಹಾರದ ಕಣ್ಣೋಟವೂ ಗೊತ್ತು. ಮನಸ್ಸಿಗೆ ಧೈರ್ಯ ಹೇಳುವ ಅವರ ಪ್ರಸಿದ್ಧ ಕೀರ್ತನೆಯೊಂದಿದೆ. ಬೆಟ್ಟದ ನೆತ್ತಿಯ ಮರಕ್ಕೆ ಯಾರೂ ಪಾತಿ ಮಾಡಿ ನೀರು ಹನಿಸಲಿಲ್ಲ, ಕಲ್ಲಿನೊಳಗಿನ ಕಪ್ಪೆಗೆ ಯಾರೂ ಬುತ್ತಿ ಕಳಿಸಲಿಲ್ಲ, ಆದರೂ ಅವು ಬದುಕಿವೆ ಎಂಬುದು ಅದರ ವಾದ. ಸಂಶಯಿ ಇದಕ್ಕೆ ಬರಗಾಲದ ಉತ್ತರ ಕೊಡಬಲ್ಲ: ಹುಟ್ಟಿಸಿದ ಬಾಯಿಗಳೆಲ್ಲ ಉಣ್ಣುತ್ತವೆ ಎಂಬುದಕ್ಕೆ ದಖನ್ನಿನ ಚರಿತ್ರೆ ಸಾಕ್ಷಿ ನುಡಿಯುವುದಿಲ್ಲ. ಆಕ್ಷೇಪ ನಿಜವೇ. ಆದರೆ ಆ ಪದ ಮಾತನಾಡುತ್ತಿರುವುದು ತಲ್ಲಣಿಸಿದ ತನ್ನದೇ ಮನಸ್ಸಿನೊಂದಿಗೆ. ಹಸಿವು ಸುಳ್ಳು ಎಂದು ಅದು ಹೇಳುತ್ತಿಲ್ಲ. ಗಾಬರಿಯಿಂದ ಅನ್ನ ಹುಟ್ಟುವುದಿಲ್ಲ ಎನ್ನುತ್ತಿದೆ. ತಾನೇ ಹಸಿದವನು ಹೇಳಿಕೊಂಡರೆ ಅದು ಧೈರ್ಯ. ಅದನ್ನೇ ಉಂಡವನು ಹಸಿದವನಿಗೆ ಉಪದೇಶಿಸಿದರೆ ಅನ್ಯಾಯ. ಕನಕದಾಸರಿಗೆ ಈ ವ್ಯತ್ಯಾಸ ಗೊತ್ತಿತ್ತು ಎಂಬುದಕ್ಕೆ ‘ರಾಮಧಾನ್ಯಚರಿತೆ’ ಇದೆ. ಹಿರಿಮೆಗಾಗಿ ಕಾದಾಡಿದ ಭತ್ತವನ್ನೂ ರಾಗಿಯನ್ನೂ ರಾಮ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕಳೆಗುಂದುತ್ತದೆ, ರಾಗಿ ಗಟ್ಟಿಯಾಗಿ ಉಳಿದು ರಾಮನ ಹೆಸರನ್ನೇ ಪಡೆಯುತ್ತದೆ. ಅನ್ನ ಕೊಡುವವನು ದೇವರೆಂದು ನಂಬಿದ ಕವಿಯೇ, ಯಾರ ಅನ್ನಕ್ಕೆ ಮರ್ಯಾದೆ ಎಂಬ ಪ್ರಶ್ನೆಯನ್ನೂ ಕೇಳಿದ್ದಾನೆ. ಇವೆರಡನ್ನೂ ಒಟ್ಟಿಗೆ ಓದದಿದ್ದರೆ ಕನಕದಾಸರು ಅರ್ಧವೇ ದಕ್ಕುತ್ತಾರೆ.

ಉಡುಪಿಯ ಕಿಂಡಿಯ ಕಥೆಯನ್ನೂ ಹೀಗೆಯೇ ನೋಡಬೇಕು. ಹೊರಗೆ ನಿಂತ ಕನಕನ ಮೊರೆಗೆ ಗೋಡೆ ಬಿರಿಯಿತು, ಕೃಷ್ಣ ಪಶ್ಚಿಮಕ್ಕೆ ತಿರುಗಿದ ಎನ್ನುತ್ತದೆ ಐತಿಹ್ಯ. ಭಕ್ತನ ನಂಬಿಕೆ ಗೆದ್ದಿತೆಂದು ನಾವು ಸಂಭ್ರಮಿಸುತ್ತೇವೆ. ಆದರೆ ಕಥೆಯೊಳಗೆ ತಿರುಗಿದವನು ದೇವರು, ಅರ್ಚಕರಲ್ಲ. ಗೋಡೆಯಲ್ಲಿ ಮೂಡಿದ್ದು ಕಿಂಡಿ, ಬಾಗಿಲಲ್ಲ. ಮನುಷ್ಯರು ಮಾಡಬೇಕಾದ ಕೆಲಸವನ್ನು ದೇವರ ತಲೆಗೆ ಕಟ್ಟಿ ನಿರಾಳವಾಗುವ ಅಪಾಯ ಈ ಪರಂಪರೆಯಲ್ಲಿ ಸದಾ ಇತ್ತು.

ದಾಸಸಾಹಿತ್ಯದ ಎರಡನೆಯ ಘಟ್ಟ ತೆರೆದುಕೊಳ್ಳುವುದು 18ನೇ ಶತಮಾನದ ರಾಯಚೂರು ಸೀಮೆಯಲ್ಲಿ. ಕೃಷ್ಣಾ–ತುಂಗಭದ್ರೆಯರ ನಡುವಿನ ಆ ಎರೆನೆಲ ಮಳೆಯನ್ನೂ ನೆಚ್ಚುವಂತಿಲ್ಲ, ಅರಸರನ್ನೂ ನೆಚ್ಚುವಂತಿಲ್ಲ ಎಂಬ ಸ್ಥಿತಿಯಲ್ಲಿತ್ತು. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಹಾಡಿದ್ದು ಅಲ್ಲಿ. ಜಗನ್ನಾಥದಾಸರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದೆ. ಅದರ ಭೋಜನ ಸಂಧಿಯಲ್ಲಿ ಅನ್ನ, ಹಾಲು, ತುಪ್ಪ ಒಂದೊಂದರಲ್ಲೂ ಭಗವಂತನ ಒಂದೊಂದು ರೂಪ. ಶ್ವಾಸ ಸಂಧಿಯಲ್ಲಿ ದಿನದ 21,600 ಉಸಿರುಗಳೂ ಅವನ ಲೆಕ್ಕದಲ್ಲಿ. ಲೋಕವನ್ನು ಇಷ್ಟು ಕಿಕ್ಕಿರಿದು ದೇವರಿಂದ ತುಂಬಿದ ಮೇಲೆ ಭಯಕ್ಕೆ ಕಾಲೂರಲು ಜಾಗವಿರುವುದಿಲ್ಲ. ಪುರಂದರರು ಭಯದ ಜೊತೆ ಮಾತನಾಡಿದರು. ಜಗನ್ನಾಥದಾಸರು ಭಯ ನಿಲ್ಲುವ ನೆಲವನ್ನೇ ತೆಗೆದುಬಿಟ್ಟರು.

ಕೃತಿಯ ಶಿಖರವೆಂದರೆ ಕರುಣಾ ಸಂಧಿ. ಅಲ್ಲಿನ ಒಂದು ಪದ್ಯದಲ್ಲಿ ಭಕ್ತ ಹಾಸಿಗೆಯಲ್ಲಿದ್ದು ಹಾಡಿದರೆ ಹರಿ ಎದ್ದು ಕೂತು ಕಿವಿಗೊಡುತ್ತಾನೆ. ಇವನು ಕೂತು ಹಾಡಿದರೆ ಅವನು ಎದ್ದು ನಿಲ್ಲುತ್ತಾನೆ, ಇವನು ನಿಂತರೆ ಅವನು ಕುಣಿಯತೊಡಗುತ್ತಾನೆ. ಭಕ್ತನ ಭಂಗಿಗಿಂತ ದೇವರ ಭಂಗಿ ಯಾವಾಗಲೂ ಒಂದು ಹೆಜ್ಜೆ ಮುಂದೆ. ಸರ್ವೋತ್ತಮನಾದ ಸ್ವಾಮಿ ಪರತಂತ್ರನಾದ ಜೀವನ ಮುಂದೆ ಎದ್ದು ನಿಲ್ಲುವ ಚಿತ್ರವಿದು. ಗಮನಿಸಬೇಕಾದ ಇನ್ನೊಂದು ಸಂಗತಿ, ಸಾಲು ಶುರುವಾಗುವುದೇ ಮಲಗಿದವನಿಂದ. ಏಳಲಾರದ ರೋಗಿಗೂ ಈ ಲೆಕ್ಕದಲ್ಲಿ ಪಾಲಿದೆ. ಅದೇ ಕೃತಿಯ ತಾರತಮ್ಯ ಸಂಧಿಗಳು ದೇವತೆಗಳನ್ನೂ ದೈತ್ಯರನ್ನೂ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುತ್ತವೆ. ಅವುಗಳ ಶಾಸ್ತ್ರ ನಿಖರ, ಆದರೆ ಕಾವ್ಯ ಅಲ್ಲಿ ಒಣಗುತ್ತದೆ. ಕರುಣೆ ಮತ್ತು ಶ್ರೇಣಿ ಒಂದೇ ಹೊದಿಕೆಯೊಳಗಿವೆ. ಜನ ಎದೆಗೆ ಹಚ್ಚಿಕೊಂಡದ್ದು ಯಾವುದನ್ನು ಎಂಬುದಕ್ಕೆ ವಿವರಣೆ ಬೇಕಿಲ್ಲ.

ಜಗನ್ನಾಥದಾಸರ ಬದುಕಿನ ಐತಿಹ್ಯ ಈ ಕರುಣೆಗೆ ಇನ್ನೊಂದು ಮುಖ ಕೊಡುತ್ತದೆ. ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರಾಗಿದ್ದಾಗ ಅವರಿಗೆ ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ವಿಜಯದಾಸರ ಊಟದ ಕರೆಯನ್ನು ನೆಪ ಹೇಳಿ ತಪ್ಪಿಸಿದರು, ಹೊಟ್ಟೆನೋವಿಗೆ ಬಿದ್ದರು, ಸಾವು ಹತ್ತಿರ ಬಂತು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆಯೆರೆದು ಅವರನ್ನು ಉಳಿಸಿದರು. ಇದನ್ನು ಪವಾಡವಾಗಿ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕಥೆ ಹೇಳುವ ರೀತಿ ಮಾತ್ರ ಬಲು ಮುಖ್ಯ. ಸಾಯುವ ಭಯದಲ್ಲಿದ್ದವನ ಬಳಿ ಶಂಖಚಕ್ರಧಾರಿ ಇಳಿದು ಬರಲಿಲ್ಲ, ಇನ್ನೊಬ್ಬ ಮನುಷ್ಯ ತನ್ನ ಬಾಳನ್ನು ಕತ್ತರಿಸಿ ಕೊಟ್ಟ. ದಾಸಪರಂಪರೆಯ ಕವಯಿತ್ರಿ ಹೆಳವನಕಟ್ಟೆ ಗಿರಿಯಮ್ಮ ಚಂದ್ರಹಾಸನ ಕಥೆಯನ್ನು ಆರಿಸಿಕೊಂಡದ್ದೂ ಆಕಸ್ಮಿಕವೆನ್ನಿಸುವುದಿಲ್ಲ. ತಬ್ಬಲಿ ಹುಡುಗ ದೇವರನ್ನು ನಂಬಿ ನಿದ್ದೆ ಹೋಗಿರುವಾಗ, ಅವನಿಗೆ ವಿಷ ಕೊಡಲು ಹೇಳಿದ ಓಲೆಯ ಅಕ್ಷರ ತಿದ್ದಿ ಕಾಪಾಡುವವಳು ವಿಷಯೆಯೆಂಬ ಹುಡುಗಿ. ಈ ಪರಂಪರೆ ಬೆಳೆಸಿದ ಒಳ್ಳೆಯ ಕಥೆಗಳಲ್ಲಿ ದೇವರ ಅಭಯ ಮನುಷ್ಯರ ಕೈ ಹಾದುಬರುತ್ತದೆ. ಕಿಂಡಿಯ ಕಥೆಯಲ್ಲಿ ಕಾಣದ ಆ ಕೈ ಇಲ್ಲಿ ಕಾಣಿಸುತ್ತದೆ.

ಇಷ್ಟು ಹೇಳಿದ ಮೇಲೆ ಈ ಸಾಹಿತ್ಯದ ಕೊರತೆಯನ್ನು ಮುಚ್ಚಿಡಬಾರದು. ದಾಸರು ಭಯವನ್ನು ಎದುರಿಸಿದಂತೆಯೇ ಭಯವನ್ನು ಉತ್ಪಾದಿಸಿದ್ದಾರೆ ಕೂಡ. ನೀತಿ ಬೋಧಿಸುವ ಪದಗಳಲ್ಲಿ ಯಮದೂತರು ಬಡಿಗೆ ಹಿಡಿದು ಬರುತ್ತಾರೆ, ಕುದಿಯುವ ಎಣ್ಣೆಯ ಕೊಪ್ಪರಿಗೆ ಸಿದ್ಧವಿರುತ್ತದೆ. ದೇಹ ಹೇಸಿಗೆಯ ಚೀಲವಾಗುತ್ತದೆ, ಹೆಂಡತಿ ಮಕ್ಕಳು ಕಾಲಿನ ಸಂಕೋಲೆಯಾಗುತ್ತಾರೆ, ಹೆಣ್ಣು ಮೋಹದ ಬಲೆಯಾಗುತ್ತಾಳೆ. ಇಲ್ಲೆಲ್ಲ ದಾಸರು ‘ನೀನು’ ಎಂದು ಬೆರಳು ತೋರಿಸಿ ಮಾತನಾಡುತ್ತಾರೆ, ಹಾಡು ಪೇಲವವಾಗುತ್ತದೆ. ‘ನಾನು’ ಎಂದು ಹಾಡಿದ ಕಡೆ ಕಾವ್ಯ ಮತ್ತೆ ಮೈದುಂಬುತ್ತದೆ. ವಚನಕಾರರಿಗೆ ಕಾಯಕವಿತ್ತು, ಅನುಭವ ಹಂಚಿಕೊಳ್ಳುವ ಶರಣರ ಗುಂಪಿತ್ತು; ಅವರ ನಿರ್ಭೀತಿಗೆ ದುಡಿಮೆಯ ಬೆನ್ನೆಲುಬಿತ್ತು. ದಾಸರ ಶರಣಾಗತಿಗೆ ಲೋಕವನ್ನು ತಿದ್ದುವ ಹಟ ಅಷ್ಟಿರಲಿಲ್ಲ. ಭಯಕ್ಕೆ ಕಾರಣ ಯಮನಲ್ಲ, ಪಕ್ಕದ ಮನೆಯ ಸಾಹುಕಾರ ಅಥವಾ ಊರಿನ ಕಟ್ಟಳೆ ಎಂದಾದಾಗ ಬಹುಪಾಲು ಪದಗಳಿಗೆ ಹೇಳಲು ಮಾತಿಲ್ಲ.

ಹಾಗಾಗಿ ಈ ಪರಂಪರೆಯನ್ನು ಇಡಿಯಾಗಿ ಪೂಜಿಸುವುದೂ ಇಡಿಯಾಗಿ ತಳ್ಳುವುದೂ ಸೋಮಾರಿತನವೇ. ಹೆದರಿಸುವವನ ಹಾಡು ಯಾವುದು, ಹೆದರಿದವನ ಹಾಡು ಯಾವುದು ಎಂದು ಬೇರ್ಪಡಿಸಿ ನೋಡುವುದು ವಿಮರ್ಶೆಯ ಕೆಲಸ. ಮೊದಲನೆಯದು ಅದರ ಕಾಲಕ್ಕೆ ಸೇರಿದ್ದು. ಎರಡನೆಯದಕ್ಕೆ ಕಾಲದ ಹಂಗಿಲ್ಲ, ಓದುಗನ ಆಸ್ತಿಕತೆಯ ಹಂಗೂ ಇಲ್ಲ. ಈಚಿನ ಗಾಯನ ಪದ್ಧತಿಯ ಬಗ್ಗೆ ನನಗಿರುವ ತಕರಾರೂ ಇಲ್ಲಿಂದಲೇ ಹುಟ್ಟುತ್ತದೆ. 1850ರ ಹೊತ್ತಿಗೆ ಮಂಗಳೂರಿನಲ್ಲಿ ಮಿಷನರಿ ಮೊಗ್ಲಿಂಗ್ ದಾಸರ ಪದಗಳನ್ನು ಅಚ್ಚಿಗೆ ಹಾಕಿಸಿದ. ಭೀಮಸೇನ ಜೋಶಿಯವರ ದಾಸವಾಣಿ ಅವನ್ನು ಕನ್ನಡ ಬಾರದವರಿಗೂ ತಲುಪಿಸಿತು. ಆದರೆ ಸಮಯ ಸಾಲದೆಂದು ಕಛೇರಿಗಳಲ್ಲಿ ಒಂದೆರಡು ಚರಣ ಹಾಡಿ ಮುಗಿಸುವುದು ಈಗ ಮಾಮೂಲು. ಬಿಟ್ಟುಹೋಗುವ ಚರಣಗಳಲ್ಲೇ ಮುಪ್ಪು, ಸಾಲ, ಒಂಟಿತನಗಳಿರುತ್ತವೆ. ಅವನ್ನು ಕೈಬಿಟ್ಟು ಪಲ್ಲವಿಯನ್ನೇ ನೆರವಲು ಮಾಡಿದರೆ ಕೇಳುಗನಿಗೆ ಉತ್ತರ ಸಿಗುತ್ತದೆ, ಪ್ರಶ್ನೆ ಸಿಗುವುದಿಲ್ಲ. ಪ್ರಶ್ನೆಯಿಲ್ಲದೆ ಬಂದ ಅಭಯಕ್ಕೆ ಕಷ್ಟಕಾಲದಲ್ಲಿ ಬೆಲೆ ಕಡಿಮೆ. ಹಾಡುವವರು ಪೂರ್ತಿ ಹಾಡಲಿ, ಪಠ್ಯಕ್ಕೆ ಆರಿಸುವವರು ಅಂಜಿಕೆಯ ಚರಣಗಳನ್ನೂ ಆರಿಸಲಿ.