ನೋವಿಲ್ಲದ ದಿನವೇ ಹೋಗಬೇಕು

ನಮ್ಮ ಬಹುತೇಕ ಮನೆಗಳಲ್ಲಿ ಮಗು ದಂತವೈದ್ಯರ ಮುಖ ಮೊದಲು ನೋಡುವುದು ನಾಲ್ಕೈದು ವರ್ಷಕ್ಕೆ, ಅದೂ ರಾತ್ರಿಯಿಡೀ ಅತ್ತು ಕೆನ್ನೆ ಊದಿದ ಮೇಲೆ. ಅಲ್ಲಿಯವರೆಗೆ ‘ಹಾಲುಹಲ್ಲು ತಾನೇ, ಹೇಗಿದ್ರೂ ಬೀಳುತ್ತೆ’ ಎಂಬ ಸಮಾಧಾನ. ಈ ರೂಢಿ ತಪ್ಪು. ಮುಂದಿನ ಹಾಲುಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ದವಡೆಯವು ಹತ್ತು ಹನ್ನೆರಡರವರೆಗೂ ಇರಬೇಕಾದವು. ಮೂರಕ್ಕೇ ಹುಳುಕು ಹಿಡಿದರೆ ಇನ್ನೂ ಏಳೆಂಟು ವರ್ಷ ಆ ಮಗು ಅದರಲ್ಲೇ ಅಗಿಯಬೇಕು. ಮುಂಚೆಯೇ ಕಿತ್ತರೆ ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲಿ, ಹೊಸ ಹಲ್ಲು ಸೊಟ್ಟಗೆ ಹುಟ್ಟುವ ಸಂಭವ ಹೆಚ್ಚು.

ಮೊದಲ ಹಲ್ಲು ಮೂಡಿದಾಗ, ತಡವೆಂದರೆ ಒಂದು ವರ್ಷ ತುಂಬುವುದರೊಳಗೆ ತೋರಿಸಿ ಎನ್ನುತ್ತದೆ ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ. ‘ಎರಡು ಹಲ್ಲಿಗೆ ಡಾಕ್ಟರಾ?’ ಎಂದು ಅಜ್ಜಿ ಕೇಳುವುದು ಸಹಜ. ಆದರೆ ಹುಳುಕು ಕಪ್ಪಾಗಿ ಶುರುವಾಗುವುದಿಲ್ಲ. ಮೇಲಿನ ಮುಂಭಾಗದ ಹಲ್ಲುಗಳ ಬುಡದಲ್ಲಿ, ಒಸಡಿಗೆ ತಾಗಿದಂತೆ, ಸುಣ್ಣದಂಥ ಬಿಳಿ ಗೆರೆಯಾಗಿ ಶುರುವಾಗುತ್ತದೆ. ಮೇಲ್ತುಟಿ ಎತ್ತಿ ನೋಡದಿದ್ದರೆ ಹೆತ್ತವರಿಗೂ ಕಾಣದು. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳಲ್ಲಿ ಇದು ಹೆಚ್ಚು. ಕೆಳಗಿನ ಹಲ್ಲುಗಳಿಗೆ ನಾಲಿಗೆಯ, ಎಂಜಲಿನ ಕಾವಲಿರುವುದರಿಂದ ಅವು ಬಚಾವಾಗುತ್ತವೆ. ಬಿಳಿ ಗೆರೆಯಿರುವಾಗಲೇ ಕಂಡರೆ ಫ್ಲೋರೈಡ್ ಲೇಪನದಿಂದ, ರಾತ್ರಿಯ ಬಾಟಲಿ ಬಿಡಿಸುವುದರಿಂದ ಅಲ್ಲಿಗೇ ನಿಲ್ಲಿಸಬಹುದು. ಗುಳಿ ಬಿದ್ದಮೇಲೆ ಡ್ರಿಲ್ಲಿನ ಮಾತು ಬರುತ್ತದೆ.

ಇಷ್ಟು ಚಿಕ್ಕ ಕೂಸನ್ನು ಆ ದೊಡ್ಡ ಕುರ್ಚಿಗೆ ಹತ್ತಿಸುವುದೇ ಬೇಡ. ವೈದ್ಯರೂ ತಾಯಿಯೂ ಮಂಡಿಗೆ ಮಂಡಿ ತಾಗುವಂತೆ ಎದುರುಬದುರು ಕೂರುತ್ತಾರೆ. ಮಗು ತಾಯಿಯ ತೊಡೆಯ ಮೇಲೆ ಅವಳ ಕಡೆಗೇ ಮುಖಮಾಡಿ, ಸೊಂಟದ ಎರಡೂ ಕಡೆ ಕಾಲು ಚಾಚಿ ಕೂತಿರುತ್ತದೆ. ಹಾಗೇ ಮೆಲ್ಲಗೆ ಹಿಂದಕ್ಕೆ ಮಲಗಿಸಿದರೆ ತಲೆ ವೈದ್ಯರ ಮಡಿಲಿಗೆ ಬರುತ್ತದೆ. ಕೈಗಳನ್ನು ತಾಯಿ ಹಿಡಿದಿರುತ್ತಾಳೆ, ಮಗುವಿನ ಕಣ್ಣಿಗೆ ಅವಳ ಮುಖ ಕಾಣುತ್ತಿರುತ್ತದೆ. ಬೆರಳಿನಿಂದ ತುಟಿ ಎತ್ತಿ, ಪುಟ್ಟ ಕನ್ನಡಿ ಹಿಡಿದು ನೋಡಲು ಒಂದೆರಡು ನಿಮಿಷ ಸಾಕು. ಮಗು ಅತ್ತರೆ ಗಾಬರಿ ಬೇಡ. ಆ ವಯಸ್ಸಿಗೆ ಅಳು ಸಹಜ, ಬಾಯೂ ಚೆನ್ನಾಗಿ ತೆರೆಯುತ್ತದೆ. ಈ ಕ್ರಮದಷ್ಟು ಸರಳವೂ ಮಾನವೀಯವೂ ಆದ ಪರೀಕ್ಷೆ ವೈದ್ಯಕೀಯದಲ್ಲಿ ಹೆಚ್ಚಿಲ್ಲ ಎಂದೇ ನನ್ನ ಎಣಿಕೆ.

ಮೂರು ದಾಟಿದ ಮಕ್ಕಳಿಗೆ ಬೇರೆ ದಾರಿ. ಹೇಳು, ತೋರಿಸು, ಆಮೇಲೆ ಮಾಡು ಎಂಬ ಈ ಕ್ರಮವನ್ನು ದಂತವೈದ್ಯ ಆಡಲ್‌ಸ್ಟನ್ 1959ರಲ್ಲಿ ವಿವರಿಸಿದರು. ತಿರುಗುವ ಬ್ರಶ್ಶನ್ನು ಮೊದಲು ಮಗುವಿನ ಉಗುರಿನ ಮೇಲೆ ಆಡಿಸಿ, ಕಚಗುಳಿ ಮುಗಿದ ಮೇಲೆ ಹಲ್ಲಿಗೆ ತಾಗಿಸುತ್ತಾರೆ. ಎಂಜಲು ಎಳೆಯುವ ಕೊಳವೆ ಆನೆಯ ಸೊಂಡಿಲಾಗುತ್ತದೆ. ಈ ಕ್ರಮ ಇಂದಿಗೂ ಉಳಿದಿರುವುದು ಅದರಲ್ಲಿ ಮೋಸವಿಲ್ಲದ್ದರಿಂದ: ಹೇಳಿದ್ದನ್ನೇ ತೋರಿಸುತ್ತಾರೆ, ತೋರಿಸಿದ್ದನ್ನೇ ಮಾಡುತ್ತಾರೆ. ಆದರೆ ಇದಕ್ಕೊಂದು ಮಿತಿಯಿದೆ. ಹಲ್ಲು ಸಿಡಿಯುತ್ತಿರುವ ಮಗುವಿಗೆ ಸೊಂಡಿಲಿನ ಕಥೆ ಕೇಳುವ ತಾಳ್ಮೆ ಇರುವುದಿಲ್ಲ. ನೋವು ಬಂದಮೇಲೆ ಹೋಗುವ ನಮ್ಮ ರೂಢಿ ವೈದ್ಯರ ಕೈಯಲ್ಲಿರುವ ಅತ್ಯುತ್ತಮ ಉಪಾಯವನ್ನೇ ಕಿತ್ತುಕೊಳ್ಳುತ್ತದೆ.

ಮನೆಯವರ ಮಾತೂ ಕೆಡಿಸುತ್ತದೆ. ‘ಊಟ ಮಾಡದಿದ್ರೆ ಡಾಕ್ಟ್ರ ಹತ್ರ ಇಂಜೆಕ್ಷನ್ ಹಾಕಿಸ್ತೀನಿ’ ಎಂದು ವರ್ಷಗಟ್ಟಲೆ ಹೆದರಿಸಿ, ಒಂದು ದಿನ ಅದೇ ಡಾಕ್ಟರ ಮುಂದೆ ಕೂರಿಸಿದರೆ ಮಗು ಬಾಯಿ ಬಿಡುವುದು ಹೇಗೆ? ಹೊರಡುವಾಗ ‘ಏನೂ ನೋವಾಗಲ್ಲ ಪುಟ್ಟಾ’ ಎನ್ನುವುದೂ ಬೇಡ. ನೋವಿನ ಯೋಚನೆ ಹುಟ್ಟುವುದೇ ಆಗ. ‘ನಿನ್ನ ಹಲ್ಲು ಎಣಿಸ್ತಾರೆ’ ಎಂದರೆ ಸಾಕು, ಅದು ಸತ್ಯವೂ ಹೌದು.

ಇನ್ನು ಕ್ಲಿನಿಕ್ಕುಗಳ ಮಾತು. ಗೋಡೆಯ ಮೇಲೆ ಛೋಟಾ ಭೀಮ್ ಇದ್ದ ಮಾತ್ರಕ್ಕೆ ಅದು ಮಕ್ಕಳ ಕ್ಲಿನಿಕ್ ಆಗುವುದಿಲ್ಲ. ಎಂಡಿಎಸ್‌ನಲ್ಲಿ ಪೀಡೊಡಾಂಟಿಕ್ಸ್ ಓದಿದವರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ನೋವಾಗಲಿ ಊತವಾಗಲಿ ಇಲ್ಲದ ಮಗುವಿಗೆ ಮೊದಲ ದಿನವೇ ಐದಾರು ಕ್ಯಾಪುಗಳ ಅಂದಾಜುಪಟ್ಟಿ ಕೈಗಿಟ್ಟರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಒಳ್ಳೆಯದು. ಒಳ್ಳೆಯ ಮೊದಲ ಭೇಟಿಯ ಬಹುಪಾಲು ಸಮಯ ಮಾತಿನಲ್ಲೇ ಕಳೆಯಬೇಕು: ರಾತ್ರಿ ಏನು ಕುಡಿಸುತ್ತೀರಿ, ಯಾರು ಹಲ್ಲುಜ್ಜುತ್ತಾರೆ, ಪೇಸ್ಟ್ ಎಷ್ಟು. ಮೂರರೊಳಗಿನವರಿಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಪಾವಗಡ, ಬಾಗೇಪಲ್ಲಿ ಕಡೆಯವರನ್ನು ಕುಡಿಯುವ ನೀರು ಎಲ್ಲಿಯದೆಂದೂ ಕೇಳಬೇಕು. ಅಲ್ಲಿನ ಎಷ್ಟೋ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ಮೊದಲೇ ಅತಿಯಾಗಿದೆ.

ಆದರೆ ಒಂದು ವರ್ಷದೊಳಗಿನ ಭೇಟಿ ಎಂಬ ಮಾತು ಬೆಂಗಳೂರಿನ ಬಡಾವಣೆಗೆ ಒಪ್ಪಿದಂತೆ ಹಳ್ಳಿಗೆ ಒಪ್ಪದು. ಮಕ್ಕಳ ದಂತತಜ್ಞರು ಇರುವುದು ಹೆಚ್ಚಾಗಿ ನಗರಗಳಲ್ಲಿ. ಆದರೂ ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆಗೆಂದು, ಮತ್ತೆ ಒಂದೂವರೆ ವರ್ಷದ ಆಸುಪಾಸಿನಲ್ಲಿ ಎರಡನೇ ಡೋಸಿಗೆಂದು ಆ ಮಕ್ಕಳು ತಾಯಿ ಕಾರ್ಡಿನೊಂದಿಗೆ ಲಸಿಕೆ ಕೇಂದ್ರಕ್ಕೆ ಬರುತ್ತಾರೆ. ಸೂಜಿ ಚುಚ್ಚುವ ಮೊದಲೇ ನರ್ಸ್ ಒಮ್ಮೆ ಮೇಲ್ತುಟಿ ಎತ್ತಿ ನೋಡಿ, ಬಿಳಿ ಗೆರೆ ಕಂಡವರನ್ನಷ್ಟೇ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ಬರೆದುಕೊಟ್ಟರೆ, ಹಳ್ಳಿಯ ಮಗುವಿಗೂ ಕೆನ್ನೆ ಊದುವ ಮೊದಲೇ ವೈದ್ಯರ ಕೈ ಸಿಗುತ್ತದೆ.