ಭಯಾನಕರಸವೂ ಫೇ ರೇಯ ಅಭಿನಯವೂ

ಅಮೆರಿಕದ ಚಲಚ್ಚಿತ್ರನಟಿ ಫೇ ರೇಯ ಹೆಸರೆತ್ತಿದೊಡನೆ ಬಹುಮಂದಿಗೆ ನೆನಪಾಗುವುದು ಆಕೆಯ ಮುಖವಲ್ಲ, ಚೀತ್ಕಾರ. 1933ರ ‘ಕಿಂಗ್ ಕಾಂಗ್’ ಚಿತ್ರದಲ್ಲಿ ದೈತ್ಯವಾನರನ ಮುಷ್ಟಿಯೊಳಗಿಂದ ಹೊರಟ ಆ ಕೂಗು ಆಕೆಗೆ ಕೀರ್ತಿಯನ್ನು ತಂದಿತು. ಆ ಕೀರ್ತಿಯೇ ಆಕೆಯ ಕಲೆಯನ್ನು ಮರೆಮಾಡಿತು. ಅರಚುವುದೂ ಒಂದು ಅಭಿನಯವೇ ಎಂದು ಮೂಗುಮುರಿಯುವವರು ಆ ಚಿತ್ರವನ್ನು ಕೇಳಿದ್ದಾರೆಯೇ ಹೊರತು ನೋಡಿಲ್ಲ.

1907ರಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಈಕೆಯು ಮೊದಲು ಹೆಸರು ಪಡೆದುದು ಮೂಕಚಿತ್ರಗಳಲ್ಲಿ. ಎರಿಕ್ ಫಾನ್ ಸ್ಟ್ರೋಹೈಮನ ‘ದಿ ವೆಡ್ಡಿಂಗ್ ಮಾರ್ಚ್’ (1928) ಚಿತ್ರದ ಮಿಟ್ಸಿ ವಿಯೆನ್ನಾ ನಗರದ ಬಡ ಹುಡುಗಿ. ರಾಜವಂಶದ ಯುವಕನನ್ನು ಪ್ರೀತಿಸಿ ಅವನನ್ನು ಕಳೆದುಕೊಳ್ಳುವವಳು. ಆ ಪಾತ್ರದ ಆಸೆ, ನಾಚಿಕೆ, ದುಃಖಗಳನ್ನೆಲ್ಲ ಫೇ ರೇ ಕಣ್ಣಿನಿಂದಲೇ ನುಡಿದಳು. ಬಳಿಕ ವಾಕ್ಚಿತ್ರ ಬಂದಿತು. ‘ಡಾಕ್ಟರ್ ಎಕ್ಸ್’, ‘ದಿ ಮೋಸ್ಟ್ ಡೇಂಜರಸ್ ಗೇಮ್’ (ಎರಡೂ 1932), ‘ದಿ ವ್ಯಾಂಪೈರ್ ಬ್ಯಾಟ್’, ‘ಮಿಸ್ಟರಿ ಆಫ್ ದಿ ವ್ಯಾಕ್ಸ್ ಮ್ಯೂಸಿಯಮ್’ (ಎರಡೂ 1933) ಒಂದರ ಹಿಂದೊಂದು ಹೊರಟವು. ಚಿತ್ರಕ್ಕೆ ಮಾತು ಬಂದ ಕಾಲದಲ್ಲಿ ಚಿತ್ರಶಾಲೆಗಳು ಈಕೆಯಿಂದ ಬೇಡಿದುದು ಮಾತಲ್ಲದ ದನಿಯನ್ನು!

ಆ ದನಿಯ ಹಿಂದಿನ ಶ್ರಮವನ್ನು ಬಲ್ಲವರು ಕಡಮೆ. ಕಾಂಗನು ವಿಲಿಸ್ ಒಬ್ರಿಯನ್ನನ ಕೈಯಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಅಲುಗಿ ಚಿತ್ರಿತವಾದ, ಸುಮಾರು ಒಂದೂವರೆ ಅಡಿಯ ಬೊಂಬೆ. ನಟಿಯ ಪಾಲಿಗೆ ದೊರೆತದ್ದು ಒಂದು ಬೃಹತ್ತಾದ ಯಂತ್ರದ ಕೈ ಮತ್ತು ಮೃಗಗಳ ನೆರಳಾಡುವ ಪರದೆ. ತಾನು ಹೊರಳಾಡಿದಷ್ಟೂ ಆ ಕೈಯ ಬೆರಳುಗಳು ಸಡಿಲುತ್ತಿದ್ದುವೆಂದೂ, ಬಿದ್ದೇನೆಂಬ ಭಯ ಮಾತ್ರ ನಿಜವಾಗಿತ್ತೆಂದೂ ಆಕೆ ಮುಂದೆ ಹೇಳಿಕೊಂಡಳು. ಚೀತ್ಕಾರಗಳನ್ನಂತೂ ಚಿತ್ರೀಕರಣ ಮುಗಿದ ಮೇಲೆ ಧ್ವನಿಮುದ್ರಣದ ಕೋಣೆಯಲ್ಲಿ ಬೇರೆಯಾಗಿ ಹಿಡಿದರು. ಲಾಕ್ಷಣಿಕರ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಭಯಕ್ಕೆ ಆಶ್ರಯವುಂಟು, ಆಲಂಬನವಿಲ್ಲ. ಇಲ್ಲದ ಆಲಂಬನವನ್ನು ಅನುಭಾವಗಳಿಂದಲೇ ಕಟ್ಟಿ ನಿಲ್ಲಿಸಬೇಕು. ಬೊಂಬೆಗೆ ಪ್ರಾಣ ಬಂದುದು ಅರ್ಧ ಒಬ್ರಿಯನ್ನನಿಂದ, ಅರ್ಧ ಈಕೆಯ ಕಣ್ಣಿನಿಂದ.

ಚಿತ್ರದಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ದ್ವೀಪವನ್ನು ಮುಟ್ಟುವ ಮೊದಲು, ಹಡಗಿನ ಮೇಲೆ, ಚಿತ್ರನಿರ್ಮಾಪಕ ಡೆನ್ಹಮ್ ನಾಯಕಿಯನ್ನು ಕ್ಯಾಮರಾದ ಮುಂದೆ ನಿಲ್ಲಿಸಿ ಪರೀಕ್ಷಿಸುತ್ತಾನೆ: ಮೇಲೆ ನೋಡು, ಇನ್ನೂ ಮೇಲೆ, ಕೂಗಲು ಯತ್ನಿಸು, ಕೊರಳು ಕಟ್ಟಿದೆ. ಆಕೆಯ ಎದುರಿಗೆ ಇರುವುದು ಬರಿಯ ಆಕಾಶ. ಕಣ್ಣು ಮೆಲ್ಲಮೆಲ್ಲನೆ ಮೇಲಕ್ಕೇರುತ್ತದೆ, ತುಟಿ ತೆರೆದರೂ ದನಿ ಹೊರಡದು, ಕಡೆಗೆ ತೋಳಿನಿಂದ ಮುಖವನ್ನು ಮರೆಸಿಕೊಂಡು ಕೂಗುತ್ತಾಳೆ. ನೋಡುತ್ತ ನಿಂತ ನಾವಿಕರು ಬೆದರುತ್ತಾರೆ. ಇಡೀ ಚಿತ್ರದಲ್ಲಿ ಮೈ ನಡುಗಿಸುವ ಭಾಗವಿದೇ, ಇದರಲ್ಲಿ ವಾನರನಿಲ್ಲ.

ದೋಷವಿರುವುದು ಕಥೆಯಲ್ಲಿ. ಉತ್ತರಾರ್ಧದಲ್ಲಿ ಕಾಂಗನ ಮೇಲೆ ಪ್ರೇಕ್ಷಕನಿಗೆ ಕನಿಕರ ಹುಟ್ಟುತ್ತದೆ, ನಾಯಕಿಗೆ ಹುಟ್ಟುವುದಿಲ್ಲ. ಮಿಟ್ಸಿಯಾಗಿ ಅಭಿನಯಿಸಿದವಳಿಗೆ ಆ ಭಾವವು ಎಟುಕದುದೆ? ಒಂದು ನೋಟಕ್ಕೆ ಎಡೆಕೊಟ್ಟಿದ್ದರೆ ಭಯಾನಕವು ಕರುಣಕ್ಕೆ ತಿರುಗುತ್ತಿತ್ತು. ಚಿತ್ರಕಾರರು ಕೊಡಲಿಲ್ಲ, ಅವರಿಗೆ ಕೂಗೇ ಸಾಕಾಗಿತ್ತು.

1942ರಲ್ಲಿ ಚಿತ್ರಕಥೆಗಾರ ರಾಬರ್ಟ್ ರಿಸ್ಕಿನ್ನನನ್ನು ಮದುವೆಯಾಗಿ ಚಿತ್ರರಂಗದಿಂದ ಸರಿದಳು; 1953ರಲ್ಲಿ ಮರಳಿದಾಗ ದೊರೆತವು ಸಣ್ಣ ಪಾತ್ರಗಳು. 2004ರ ಆಗಸ್ಟ್ 8ರಂದು, 96ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ತೀರಿಕೊಂಡಳು. ಎರಡು ದಿನಗಳ ಬಳಿಕ, ಕಾಂಗನು ಆಕೆಯನ್ನು ಹೊತ್ತು ಏರಿದ ಎಂಪೈರ್ ಸ್ಟೇಟ್ ಕಟ್ಟಡದ ದೀಪಗಳನ್ನು 15 ನಿಮಿಷಗಳ ಕಾಲ ತಗ್ಗಿಸಿದರು.