ಬಯಲು ಮತ್ತು ಭೇಟಿ: ಸಿದ್ಧೇಶ್ವರ ಸ್ವಾಮೀಜಿಯವರ ಅಂತಿಮ ಪತ್ರದ ಒಂದು ಕ್ರೈಸ್ತ ಓದು

ವಿಜಯಪುರದ ಗಾಂಧಿ ಚೌಕದಿಂದ ಹೆಚ್ಚು ದೂರವಿಲ್ಲದ ಬಾರಾ ಕಮಾನ್, ಎರಡನೆಯ ಅಲಿ ಆದಿಲ್ ಷಾಹನು ತನಗಾಗಿ ಕಟ್ಟಿಸತೊಡಗಿದ ಗೋರಿ. 1672ರಲ್ಲಿ ಅವನು ತೀರಿಕೊಂಡಾಗ ಅದು ಮುಗಿದಿರಲಿಲ್ಲ. ಕಮಾನುಗಳು ಇಂದಿಗೂ ಚಾವಣಿಯಿಲ್ಲದೆ ನಿಂತಿವೆ. ಅದೇ ಊರಿನ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರು 2014ರ ಗುರುಪೂರ್ಣಿಮೆಯಂದು ಮರಣಕ್ಕೆ ಇನ್ನೊಂದು ಬಗೆಯ ಸಿದ್ಧತೆ ಮಾಡಿಕೊಂಡರು: ‘ಅಂತಿಮ ಅಭಿವಂದನ ಪತ್ರ’ವನ್ನು ಬರೆದಿಟ್ಟರು. 2023ರ ಜನವರಿ 2ರಂದು ಅವರು ದೇಹ ಬಿಟ್ಟ ಮೇಲೆ ಅದು ನಾಡಿಗೆಲ್ಲ ತಿಳಿಯಿತು. ಸುಮರಣವನ್ನು ಬೋಧಿಸುವ ನಾವು ಈ ಪತ್ರವನ್ನು ಮೆಚ್ಚಿ ಬದಿಗಿಡುವಂತಿಲ್ಲ. ವಿಮರ್ಶೆಯ ಕಣ್ಣಿನಿಂದ ಓದಬೇಕು.

ಪತ್ರ ಚಿಕ್ಕದು. ಮೊದಲು ಕೃತಜ್ಞತೆ, ಬಳಿಕ ಕೆಲವೇ ಕೋರಿಕೆಗಳು. ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧವಿಧಿ ಬೇಡ, ಚಿತಾಭಸ್ಮವನ್ನು ನದಿಗೋ ಸಾಗರಕ್ಕೋ ಬಿಡಬೇಕು, ಸ್ಮಾರಕ ಕಟ್ಟಬಾರದು. ಗದ್ದುಗೆಯ ಪರಂಪರೆ ಬಲವಾಗಿರುವ ನಾಡಿನಲ್ಲಿ ಈ ‘ಬೇಡ’ಗಳ ತೂಕ ಸಣ್ಣದಲ್ಲ. ಕೊನೆಗೆ ಮಾತೇ ಬಯಲಿನಲ್ಲಿ ಲೀನವಾಗುತ್ತದೆ.

ಇದು ಮರಣಕ್ಕೆ ಎಂಟು ವರ್ಷಗಳಿಗೂ ಮೊದಲೇ ಬರೆದದ್ದು ಎಂಬುದನ್ನು ಗಮನಿಸಬೇಕು. 1548ರಲ್ಲಿ ಜಗದ್ಗುರುಗಳ ಮನ್ನಣೆ ಪಡೆದ ‘ಆಧ್ಯಾತ್ಮಿಕ ಸಾಧನೆ’ಗಳಲ್ಲಿ ಸಂತ ಇಗ್ನಾಸಿಯವರು, ಬದುಕಿನ ಆಯ್ಕೆ ಮಾಡುವವನು ತಾನು ಮರಣದ ಗಳಿಗೆಯಲ್ಲಿರುವಂತೆ ಭಾವಿಸಿ ತೀರ್ಮಾನಿಸಲಿ ಎನ್ನುತ್ತಾರೆ. ಮರಣವು ಅಲ್ಲಿ ಇಂದಿನ ಬದುಕಿಗೆ ಹಿಡಿದ ಅಳತೆಗೋಲು. ನಮ್ಮಲ್ಲಾದರೋ ಆತ್ಮಪರಿಶೋಧನೆಯು ಪಾಪನಿವೇದನೆಗೆ ಮುಂಚಿನ ಪಟ್ಟಿಯಾಗಿ ಕುಗ್ಗಿದೆ. ರೋಗಿಗಳ ಅಭ್ಯಂಗಕ್ಕೆ ನಮ್ಮನ್ನು ಕರೆಯುವುದು ಹಲವು ವೇಳೆ ರೋಗಿಯ ಪ್ರಜ್ಞೆ ತಪ್ಪಿದ ಮೇಲೆ. ‘ಸಾವಿನ ಮಾತು ಎತ್ತಬೇಡಿ, ಫಾದರ್’ ಎಂದು ಮನೆಯವರು ಬಾಗಿಲಲ್ಲೇ ಎಚ್ಚರಿಸುತ್ತಾರೆ. ನಾವೂ ಎತ್ತುವುದಿಲ್ಲ. ನಮ್ಮ ಸ್ವಂತ ಸಾವಿನ ಮಾತನ್ನಂತೂ ಎತ್ತುವುದೇ ಇಲ್ಲ.

ಹಾಗೆಂದು ಈ ಪತ್ರವನ್ನು ನಕಲು ಮಾಡಲಾಗದು. ಧರ್ಮಸಭೆ 1963ರಲ್ಲಿ ದಹನಕ್ಕೆ ಅನುಮತಿ ನೀಡಿತು. ಆದರೆ 2016ರ ‘ಆದ್ ರೆಸುರ್ಗೆಂದುಮ್ ಕುಮ್ ಕ್ರಿಸ್ತೊ’ ನಿರ್ದೇಶನವು ಭಸ್ಮವನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿರಿಸಬೇಕೆನ್ನುತ್ತದೆ. ದೇಹವು ಪುನರುತ್ಥಾನಕ್ಕೆ ಕರೆಯಲ್ಪಟ್ಟದ್ದು. ಮೃತರು ಸಮುದಾಯದ ಪ್ರಾರ್ಥನೆಯಿಂದ ಮರೆಯಾಗಬಾರದು. ಆದ್ದರಿಂದ ಕುರುಹೇ ಉಳಿಯದಿರುವುದು ನಮಗೆ ವಿನಯದ ತುತ್ತತುದಿಯಲ್ಲ. ಬಯಲಿನಲ್ಲಿ ನಾನೂ ಇಲ್ಲ, ನೀನೂ ಇಲ್ಲ. ನಮ್ಮ ನಿರೀಕ್ಷೆಯಲ್ಲಿ ಹೆಸರು ಹಿಡಿದು ಕರೆಯುವ ಒಬ್ಬನಿದ್ದಾನೆ, ಮರಣವು ಭೇಟಿ.

ಭೇಟಿಯಾದುದರಿಂದಲೇ ಹೊಣೆ ಹೆಚ್ಚು. ಮತ್ತಾಯ 25ರ ನ್ಯಾಯಾಧಿಪತಿ ಕೇಳುವುದು ಹಸಿದವನ, ಸೆರೆಯಲ್ಲಿದ್ದವನ ವಿಷಯವನ್ನು. ಸ್ಮಾರಕ ಬೇಡವೆಂದವನಿಗೂ ಆ ಲೆಕ್ಕ ತಪ್ಪದು. ‘ಏನನ್ನು ಬಿಟ್ಟೆ?’ ಎಂಬ ಪ್ರಶ್ನೆಯ ಜೊತೆಗೆ ‘ಯಾರನ್ನು ಕೈಬಿಟ್ಟೆ?’ ಎಂಬುದೂ ನಮ್ಮ ಪರಿಶೋಧನೆಗೆ ಸೇರಬೇಕು. ಆದರೆ ಸ್ವಾಮೀಜಿಯವರ ಪತ್ರ ನಮ್ಮ ಸಮಾಧಿಭೂಮಿಗಳನ್ನೂ ಪ್ರಶ್ನಿಸುತ್ತದೆ: ಬಿರುದುಗಳನ್ನು ಕೆತ್ತಿದ ಅಮೃತಶಿಲೆ ಪುನರುತ್ಥಾನವನ್ನು ಕಾಯುತ್ತಿದೆಯೆ, ಹೆಸರನ್ನು ಕಾಯುತ್ತಿದೆಯೆ? ನಾವು ತೊರೆಯಬೇಕಾದದ್ದು ಹೆಸರಿನ ಆಸೆಯನ್ನು, ದೇಹದ ನಿರೀಕ್ಷೆಯನ್ನಲ್ಲ.

ನವೆಂಬರ್ 2ರ ಮೃತರ ಸ್ಮರಣೆಗೆ ಮುನ್ನ ನಾವೂ ಒಂದೊಂದು ಪತ್ರ ಬರೆಯೋಣ. ಮೊದಲು ಕೃತಜ್ಞತೆ, ನಂತರ, ನಾವು ಕ್ಷಮೆ ಕೇಳಬೇಕಾದವರ ಹೆಸರು. ಲಕೋಟೆ ಅಂಟಿಸುವ ಮೊದಲು ಅವರ ಮನೆಗೆ ಹೋಗಿ ಬರೋಣ.